ಮೆದುಳಿಗೇರಿದ ಮಲೇರಿಯಾದಲ್ಲಿ ಲ್ಯಾಕ್ಟೇಟ್: ಸಕಲೇಶಪುರ ಕಡೆಯ ವಾರ್ಡಿನಲ್ಲಿ ನಾವು ಮಾಡುವ ರೀತಿ

ಕಾಫಿ ಹಣ್ಣಿನ ಕೊಯ್ಲು ಶುರುವಾದರೆ ತೋಟದ ಲೈನ್‌ಮನೆಗಳಿಂದ ಜ್ವರದವರೂ ಬರತೊಡಗುತ್ತಾರೆ. ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್, ಮಲೆನಾಡಾದ್ದರಿಂದ ಮಂಗನ ಕಾಯಿಲೆ ಎಲ್ಲವೂ ತಲೆಯಲ್ಲಿರುತ್ತವೆ. ಮಲೇರಿಯಾ ನಮ್ಮ ಕಡೆ ಕಡಿಮೆಯಾಗಿರುವುದರಿಂದಲೇ ಅದು ಕಣ್ತಪ್ಪುವುದು. ಪ್ರಜ್ಞೆ ಇಲ್ಲದವರನ್ನು ಜೀಪಿನಲ್ಲಿ ಹಾಕಿಕೊಂಡು ಬಂದ ತೋಟದ ರೈಟರನ್ನು ನಾವು ಮೊದಲು ಕೇಳುವುದು ಇಷ್ಟೇ: ‘ಇವರು ಊರಿಂದ ಬಂದು ಎಷ್ಟು ದಿನ ಆಯ್ತು?’ ಒಡಿಶಾ, ಜಾರ್ಖಂಡ್, ಛತ್ತೀಸಗಡದ ಕಡೆಯಿಂದ ಬಂದು ಎರಡು ಮೂರು ವಾರವಾಗಿದ್ದರೆ ಮಲೇರಿಯಾದ ಕಾರ್ಡ್ ಟೆಸ್ಟ್, ಸ್ಮಿಯರ್ (ಸ್ಲೈಡಿಗೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು) ಎರಡನ್ನೂ ನೋಡದೆ ಕೇಸ್ ಶೀಟಿನಲ್ಲಿ ಬೇರೆ ಕಾಯಿಲೆಯ ಹೆಸರು ಬರೆಯುವುದಿಲ್ಲ.

ಬೆರಳು ಚುಚ್ಚಿದಾಗಲೇ ಸಕ್ಕರೆಯನ್ನೂ ನೋಡುತ್ತೇವೆ. 40ಕ್ಕಿಂತ ಕೆಳಗಿದ್ದರೆ 25% ಡೆಕ್ಸ್‌ಟ್ರೋಸ್ 100 ಮಿಲಿ ಹಾಕಿ ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ. ಸಕ್ಕರೆ ಇಳಿದು ಲ್ಯಾಕ್ಟೇಟ್ (ಆಮ್ಲಜನಕ ಸಾಲದೆ ಗ್ಲೂಕೋಸ್ ಒಡೆದಾಗ ರಕ್ತದಲ್ಲಿ ಸೇರುವ ಆಮ್ಲ) ಏರಿದ್ದರೆ ಲಿವರ್ ಸೋಲುತ್ತಿದೆ ಎಂದು ಲೆಕ್ಕ. ಲ್ಯಾಕ್ಟೇಟನ್ನು ವಾಪಸ್ ಸಕ್ಕರೆ ಮಾಡಬೇಕಾದದ್ದು ಅದೇ ತಾನೆ.

ಈ ಆಮ್ಲ ಬರುವ ದಾರಿ ಒಂದಲ್ಲ. ಕೆಂಪು ಕಣದೊಳಗಿನ ಪರಾವಲಂಬಿ ಶಕ್ತಿಗೆ ನೆಚ್ಚಿಕೊಂಡಿರುವುದು ಗ್ಲೂಕೋಸನ್ನೇ. ಆಮ್ಲಜನಕದ ಹಂಗಿಲ್ಲದೆ ಅದನ್ನು ಒಡೆದು ಲ್ಯಾಕ್ಟೇಟ್ ಹೊರಹಾಕುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಮೂಡುವ ಪಿಎಲ್‌ಡಿಎಚ್ ಗೆರೆ ಇದನ್ನು ತಯಾರಿಸುವ ಕಿಣ್ವದ್ದೇ. ಆದರೆ ದೊಡ್ಡ ಪಾಲು ರೋಗಿಯ ಸ್ವಂತ ಅಂಗಾಂಶಗಳಿಂದ ಬರುತ್ತದೆ. ಬಲಿತ ಪರಾವಲಂಬಿ ಇರುವ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಸೋಂಕಿಲ್ಲದ ಕಣಗಳೂ ಸೆಟೆದುಕೊಂಡು ಬಳುಕದಂತಾಗುತ್ತವೆ. ಮೆದುಳು, ಕರುಳು, ಕಿಡ್ನಿ ಎಲ್ಲ ಕಡೆ ರಕ್ತ ತಡೆದು ತಡೆದು ಹರಿಯುತ್ತದೆ. ಮೇಲೆ ರಕ್ತಹೀನತೆ, ಫಿಟ್ಸ್ ಸೇರಿದರೆ ಕೇಳುವುದೇ ಬೇಡ. ಸ್ಮಿಯರಿನಲ್ಲಿ ಕಾಣುವುದು ಹರಿದಾಡುವ ಕಣಗಳು ಮಾತ್ರ. ಅಂಟಿ ಕೂತವು ಸ್ಲೈಡಿಗೆ ಬರುವುದೇ ಇಲ್ಲ. ಹಾಗಾಗಿ ‘ಪ್ಯಾರಸೈಟ್ ಕೌಂಟ್ ಕಡಿಮೆ ಇದೆ, ಲ್ಯಾಕ್ಟೇಟ್ ಯಾಕೆ 7?’ ಎಂದು ಹೊಸಬರು ಕೇಳಿದಾಗ ಎರಡರಲ್ಲಿ ಲ್ಯಾಕ್ಟೇಟನ್ನೇ ನಂಬಿ ಎನ್ನುತ್ತೇವೆ. ಸರಿಯಾಗಿ ತೆಗೆದ ಸ್ಯಾಂಪಲ್ ಆಗಿದ್ದರೆ, ಅಷ್ಟೇ.

ಎಡವಟ್ಟು ಹೆಚ್ಚಾಗುವುದು ಇಲ್ಲೇ. ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಡಿಸಿ, ನರ ಹುಡುಕುತ್ತಾ ಎರಡು ನಿಮಿಷ ಕಳೆದರೆ ಆ ಕೈಯೇ ಲ್ಯಾಕ್ಟೇಟ್ ತಯಾರಿಸಿ ಕೊಡುತ್ತದೆ. ನಮ್ಮಲ್ಲಿ ಹೇಳುವ ಮಾತು: ‘ಸಿಸ್ಟರ್, ನರ ಸಿಕ್ಕಿದ ಮೇಲೆ ಪಟ್ಟಿ ಬಿಚ್ಚಿ ಒಂದು ನಿಮಿಷ ಬಿಡಿ, ಆಮೇಲೆ ಎಳೀರಿ.’ ಡ್ರಿಪ್ ಹೋಗುತ್ತಿರುವ ಕೈ ಬೇಡ; ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿಯಲ್ಲೇ ಲೀಟರಿಗೆ 28 ಮಿಲಿಮೋಲ್ ಲ್ಯಾಕ್ಟೇಟ್ ಇದೆ. ರಕ್ತ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ, ಗೆರೆಯ ತನಕ, ಎಂಟು ಹತ್ತು ಸಲ ಮೆಲ್ಲಗೆ ತಿರುಗಿಸಿ, ಐಸ್ ಮೇಲೆ. ಎಬಿಜಿ (ರಕ್ತದ ಅನಿಲ, ಆಮ್ಲ ಅಳೆಯುವ) ಮೆಷಿನ್ನಿಗೆ ಹೆಪಾರಿನ್ ಸಿರಿಂಜಿನಲ್ಲಿ ಕೊಡುವುದಾದರೆ ಹದಿನೈದು ನಿಮಿಷದೊಳಗೆ. ಮಲೇರಿಯಾ ರಕ್ತಕ್ಕೆ ಈ ಅವಸರ ಇನ್ನೂ ಹೆಚ್ಚು ಬೇಕು. ಟ್ಯೂಬಿನೊಳಗೂ ಪರಾವಲಂಬಿ ಗ್ಲೂಕೋಸ್ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಅರ್ಧ ಗಂಟೆ ಮೇಜಿನ ಮೇಲೆ ಮರೆತ ಸಾದಾ ಟ್ಯೂಬಿನಲ್ಲಿ ಸಕ್ಕರೆ ಇಳಿದು ಲ್ಯಾಕ್ಟೇಟ್ ಏರಿ, ರೋಗಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತಾರೆ.

ರಿಪೋರ್ಟ್ ಬಂದಾಗ ಮೊದಲು ಯೂನಿಟ್ ನೋಡಬೇಕು. 18 ಎಂದು ಕಂಡು ಬೆಚ್ಚಿಬಿದ್ದರೆ ಅದು ಮಿಲಿಗ್ರಾಂ ಪರ್ ಡೆಸಿಲೀಟರ್ ಆಗಿರುತ್ತದೆ; 9ರಿಂದ ಭಾಗಿಸಿದರೆ 2 ಮಿಲಿಮೋಲ್, ಗಾಬರಿಪಡುವಂಥದ್ದಲ್ಲ. 5 ಮಿಲಿಮೋಲ್ ಅಥವಾ ಮೇಲೆ ಇದ್ದರೆ, ಇಲ್ಲವೇ ರಕ್ತದ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ 15ಕ್ಕಿಂತ ಕೆಳಗಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ತೀವ್ರ ಮಲೇರಿಯಾ. ಲ್ಯಾಕ್ಟೇಟ್ ಅಳೆಯುವ ಮೆಷಿನ್ ಇಲ್ಲದ ಕಡೆ ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಕಳೆಯಿರಿ. 134, 100, 12 ಇದ್ದರೆ ಉಳಿಯುವುದು 22. ಸಾಮಾನ್ಯವಾಗಿ 12ರ ಆಸುಪಾಸು ಇರಬೇಕಾದದ್ದು; ಹೆಚ್ಚಿದ್ದರೆ ರಕ್ತದಲ್ಲಿ ಆಮ್ಲ ಸೇರಿದೆ ಎಂದು ಲೆಕ್ಕ. ಯಾವ ಲ್ಯಾಬೂ ಇಲ್ಲದಿದ್ದರೆ ಹೊದಿಕೆ ಸರಿಸಿ ಎದೆ ನೋಡಿ: ಶ್ವಾಸಕೋಶದಲ್ಲಿ ಸದ್ದಿಲ್ಲ, ಆಮ್ಲಜನಕ 98, ಆದರೂ ಉಸಿರು ಆಳ, ವೇಗ, ಒಂದೇ ಸಮ. ಅದು ಆಮ್ಲದ ಉಸಿರು.

ಮಲೇರಿಯಾಕ್ಕೆ ಕೊಡುವ ಔಷಧಿ ಆರ್ಟೆಸುನೇಟ್ ಇಂಜೆಕ್ಷನ್. 60 ಮಿಗ್ರಾಂ ವಯಲಿಗೆ ಜೊತೆಗೆ ಬರುವ ಬೈಕಾರ್ಬನೇಟ್ ದ್ರಾವಣ 1 ಮಿಲಿ ಹಾಕಿ, ತಿಳಿಯಾಗುವ ತನಕ ಅಲ್ಲಾಡಿಸಿ, 5 ಮಿಲಿ ಸಲೈನ್ ಸೇರಿಸಿದರೆ ಮಿಲಿಗೆ 10 ಮಿಗ್ರಾಂ. ಇಂಜೆಕ್ಷನ್ನಿಗೆ ಬಳಸುವ ಸಾದಾ ನೀರು ಹಾಕಬಾರದು. ಕಿಲೋಗೆ 2.4 ಮಿಗ್ರಾಂ, 50 ಕಿಲೋದವರಿಗೆ ಎರಡು ವಯಲ್, 12 ಮಿಲಿ, ಮೂರು ನಾಲ್ಕು ನಿಮಿಷದಲ್ಲಿ ನಿಧಾನಕ್ಕೆ. 20 ಕಿಲೋಗಿಂತ ಕಡಿಮೆ ಇರುವ ಮಕ್ಕಳಿಗೆ ಕಿಲೋಗೆ 3 ಮಿಗ್ರಾಂ. ಕಲಸಿದ್ದನ್ನು ಒಂದು ಗಂಟೆಯೊಳಗೆ ಕೊಡಬೇಕು, ಡ್ರಿಪ್ಪಿಗೆ ಬೆರೆಸುವಂತಿಲ್ಲ. 0, 12, 24 ಗಂಟೆ, ಆಮೇಲೆ ದಿನಕ್ಕೊಂದು. ಲ್ಯಾಕ್ಟೇಟ್ ಇಳಿಸುವ ನಿಜವಾದ ಮದ್ದು ಇದೇ. ಎಳೆಯ ಪರಾವಲಂಬಿಯನ್ನೂ ಕೊಲ್ಲುವುದರಿಂದ ಅಂಟಿಕೊಳ್ಳುವ ಹಂತಕ್ಕೆ ಅವು ಬಲಿಯುವುದೇ ಇಲ್ಲ. 2005ರಲ್ಲಿ ಏಷ್ಯಾದಲ್ಲಿ ಹಳೆಯ ಔಷಧಿ ಕ್ವಿನೈನ್ ಜೊತೆ ಹೋಲಿಸಿದಾಗ ಸಾವು 22%ರಿಂದ 15%ಕ್ಕೆ ಇಳಿದದ್ದು ಸುಮ್ಮನೆ ಅಲ್ಲ.

ಲ್ಯಾಕ್ಟೇಟ್ ಹೆಚ್ಚಿದೆ ಎಂದು ಬಾಟಲಿ ಮೇಲೆ ಬಾಟಲಿ ಏರಿಸುವ ಚಾಳಿ ಬೇರೆ ಸೋಂಕುಗಳಿಂದ ಬಂದದ್ದು. ಇಲ್ಲಿ ತೊಂದರೆ ನೀರಿನ ಕೊರತೆಗಿಂತ ಕಟ್ಟಿಕೊಂಡ ನಾಳದ್ದು. ಹೆಚ್ಚು ಸುರಿದರೆ ಲ್ಯಾಕ್ಟೇಟ್ ಇಳಿಯುವ ಮೊದಲೇ ಶ್ವಾಸಕೋಶ ತುಂಬುತ್ತದೆ. ಆಫ್ರಿಕಾದ ಮಕ್ಕಳಲ್ಲಿ ರಭಸದ ಬೋಲಸ್ (ಒಮ್ಮೆಗೇ ಹೆಚ್ಚು ಡ್ರಿಪ್ ಸುರಿಯುವುದು) ಸಾವನ್ನು ಹೆಚ್ಚಿಸಿತೆಂದು 2011ರಲ್ಲೇ ಗೊತ್ತಾಗಿದೆ. ಬೈಕಾರ್ಬನೇಟ್ ಸುರಿದರೂ ಮೆಷಿನ್ ತೋರಿಸುವ ಪಿಎಚ್ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಡೈಕ್ಲೋರೋಅಸಿಟೇಟ್ ಕೊಟ್ಟು ಲ್ಯಾಕ್ಟೇಟನ್ನೇ ಇಳಿಸಿ ನೋಡಿದವರಿದ್ದಾರೆ. ಅಂಕಿ ಇಳಿಯಿತು, ಜೀವ ಉಳಿಯುತ್ತದೆಂದು ತೋರಲಿಲ್ಲ. ಸ್ಟೀರಾಯ್ಡ್ ಬೇಡವೇ ಬೇಡ, ಕೋಮಾ ಉದ್ದವಾಗುತ್ತದೆ.

ನಾಲ್ಕು ಗಂಟೆ ಕಳೆದ ಮೇಲೆ ಎರಡನೇ ಸ್ಯಾಂಪಲ್, ಅದೇ ವಿಧಾನದಲ್ಲಿ. ಮೊದಲನೆಯದಕ್ಕಿಂತ ಇದರ ಬೆಲೆ ಹೆಚ್ಚು. ಇಳಿಯದಿದ್ದರೆ ರೆಪ್ಪೆಯನ್ನೂ ಬಾಯಿಯ ಮೂಲೆಯನ್ನೂ ಒಂದು ನಿಮಿಷ ದಿಟ್ಟಿಸಿ ನೋಡುತ್ತೇವೆ, ಸಣ್ಣ ಅದುರು ಇದ್ದರೆ ಒಳಗೆ ಫಿಟ್ಸ್ ನಡೆಯುತ್ತಿದೆ. ಮೂತ್ರದ ಚೀಲ, ಹಿಮೋಗ್ಲೋಬಿನ್, ಜೊತೆಗೆ ಸೇರಿದ ಬ್ಯಾಕ್ಟೀರಿಯಾ ಸೋಂಕು ಆಮೇಲೆ. ಬಿಪಿಗೆ ಅಡ್ರಿನಲಿನ್ ಓಡುತ್ತಿದ್ದರೆ ಅದೂ ಲ್ಯಾಕ್ಟೇಟ್ ಏರಿಸುತ್ತದೆ, ನಾರ್‌ಅಡ್ರಿನಲಿನ್‌ಗೆ ಬದಲಾಯಿಸುತ್ತೇವೆ. ಕಿಡ್ನಿ ಕೈಕೊಟ್ಟಿದ್ದರೆ ಡಯಾಲಿಸಿಸ್ ಬೇಗ ಮಾಡಿದಷ್ಟೂ ಒಳ್ಳೆಯದು.

ಬೆನ್ನುಹುರಿ ನೀರಿನಲ್ಲೂ ಲ್ಯಾಕ್ಟೇಟ್ ನೋಡಬಹುದು. ರಕ್ತದ ಲ್ಯಾಕ್ಟೇಟ್ ಅಲ್ಲಿಗೆ ಸುಲಭಕ್ಕೆ ದಾಟುವುದಿಲ್ಲವಾದ್ದರಿಂದ ಅಲ್ಲಿ ಏರಿದ್ದರೆ ಬಹುಪಾಲು ಮೆದುಳಿನದ್ದೇ. ಆದರೆ ಬ್ಯಾಕ್ಟೀರಿಯಾದಿಂದ ಮೆದುಳಿನ ಪೊರೆಗೆ ಸೋಂಕು ತಗಲುವ ಮೆನಿಂಜೈಟಿಸ್‌ನಲ್ಲೂ ಏರುತ್ತದೆ. ಬೇರೆ ಮಾಡಿ ತೋರಿಸುವುದು ಕಣಗಳ ಎಣಿಕೆ. ಮಲೇರಿಯಾದಲ್ಲಿ ನೀರು ತಿಳಿಯಾಗಿ, ಬಿಳಿ ಕಣ ಬೆರಳೆಣಿಕೆಯಷ್ಟು. ಅದು ಖಚಿತವಾಗುವ ತನಕ ಸೆಫ್ಟ್ರಿಯಾಕ್ಸೋನ್ ಆಂಟಿಬಯೋಟಿಕ್ ನಿಲ್ಲಿಸುವುದಿಲ್ಲ.

ಹಾಸನಕ್ಕೋ, ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೋ ಕಳಿಸುವುದಾದರೆ ಮೊದಲ ಡೋಸ್ ಕೊಟ್ಟೇ ಆಂಬುಲೆನ್ಸ್ ಹತ್ತಿಸುತ್ತೇವೆ. ನರ ಸಿಗದಿದ್ದರೆ 5 ಮಿಲಿ ಬದಲು 2 ಮಿಲಿ ಸಲೈನ್ ಬೆರೆಸಿ ತೊಡೆಯ ಮುಂಭಾಗಕ್ಕೆ. ಚೀಟಿಯಲ್ಲಿ ‘ಲ್ಯಾಕ್ಟೇಟ್ 6’ ಎಂದಷ್ಟೇ ಬರೆದರೆ ಆ ಕಡೆಯವರಿಗೆ ಉಪಯೋಗವಿಲ್ಲ. ಎಷ್ಟು ಗಂಟೆಗೆ ತೆಗೆದದ್ದು, ಯಾವ ಯೂನಿಟ್, ಯಾವ ಕೈ, ಫಿಟ್ಸ್ ಆಗಿ ಎಷ್ಟು ಹೊತ್ತಾಗಿತ್ತು, ಆರ್ಟೆಸುನೇಟ್ ಎಷ್ಟು ಗಂಟೆಗೆ ಹೋಯಿತು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದು ಕಳಿಸುತ್ತೇವೆ.