ಹಳೆಯ ಮಾಜ್ದಾ ಎಂಎಕ್ಸ್-5 ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸುವ ಕ್ರಮ

1989ರಿಂದ 1997ರವರೆಗೆ ತಯಾರಾದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರಿನ 1.6 ಲೀಟರ್ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ಎರಡೂ ಕ್ಯಾಮ್‌ಶಾಫ್ಟ್‌ಗಳನ್ನು (ಕ್ಯಾಮ್) ಒಂದೇ ರಬ್ಬರ್ ಬೆಲ್ಟ್ ತಿರುಗಿಸುತ್ತದೆ. ಸುಮಾರು ಒಂದು ಲಕ್ಷ ಕಿಲೋಮೀಟರಿಗೊಮ್ಮೆ ಅದನ್ನು ಬದಲಾಯಿಸಬೇಕು. ಕಾರು ಹೆಚ್ಚು ಓಡದೆ ನಿಂತೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ವಾಲ್ವ್‌ಗಳಿಗೆ ಬಡಿಯುವುದಿಲ್ಲ, ಆದರೆ ಕಾರು ನಡುರಸ್ತೆಯಲ್ಲೇ ನಿಲ್ಲುತ್ತದೆ.

ಬೆಲ್ಟನ್ನು ಮಾತ್ರ ಹೊಸದಾಗಿ ಹಾಕಿ ಮುಚ್ಚಿಬಿಡುವುದು ಅರ್ಧ ಕೆಲಸವೇ ಸರಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಅದಕ್ಕೆ ದಾರಿ ಕೊಡುವ ಐಡ್ಲರ್ ಪುಲ್ಲಿಗಳು, ಟೆನ್ಷನರ್ ಸ್ಪ್ರಿಂಗ್, ಎಣ್ಣೆ ಸೋರದಂತೆ ತಡೆಯುವ ಎರಡು ಕ್ಯಾಮ್ ಸೀಲ್‌ಗಳು, ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ನ ಮುಂದಿನ ಸೀಲ್ ಹಾಗೂ ವಾಲ್ವ್ ಕವರ್ ಗ್ಯಾಸ್ಕೆಟ್ ಇವೆಲ್ಲವನ್ನೂ ಇದೇ ಸಲ ಬದಲಾಯಿಸುವುದು ಲೇಸು. ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್ ಅಲ್ಲ, ಹೊರಗಿನ ಆಲ್ಟರ್ನೇಟರ್ ಬೆಲ್ಟ್. ಆದರೂ ಪಂಪ್ ಹಳೆಯದಾಗಿದ್ದರೆ, ಅದನ್ನು ಬಿಚ್ಚಲು ಇದೇ ಕವರ್‌ಗಳನ್ನು ಮತ್ತೆ ತೆಗೆಯಬೇಕಾಗುವುದರಿಂದ, ಈಗಲೇ ಮುಗಿಸಿಕೊಳ್ಳುವುದು ಜಾಣತನ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹಿಂದಿನ ಡಿಕ್ಕಿಯಲ್ಲಿರುವ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಕೂಲಂಟ್ ಇಳಿಸಿ, ಹೊರಗಿನ ಬೆಲ್ಟ್‌ಗಳನ್ನೂ ವಾಲ್ವ್ ಕವರನ್ನೂ ತೆಗೆಯಿರಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದರೆ ಎಂಜಿನ್ ಕೈಯಿಂದ ಸಲೀಸಾಗಿ ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿಯ ನಡುವಿನ ದೊಡ್ಡ ಬೋಲ್ಟ್ ಬಿಗಿಯಾಗಿರುವುದರಿಂದ, ಗೇರನ್ನು ಐದಕ್ಕೆ ಹಾಕಿ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಉದ್ದನೆಯ ಹಿಡಿಯ ಸ್ಪ್ಯಾನರಿನಿಂದ ಸಡಿಲಿಸಬೇಕು. ಸ್ಟಾರ್ಟರ್ ಮೋಟರಿನ ಬಲದಿಂದ ಬೋಲ್ಟ್ ಬಿಡಿಸುವ ಕಸರತ್ತನ್ನು ನಾನಂತೂ ಯಾರಿಗೂ ಹೇಳಲಾರೆ.

ಹಳೆಯ ಬೆಲ್ಟ್ ತೆಗೆಯುವ ಮೊದಲೇ ಗುರುತುಗಳನ್ನು ಸಾಲಿಗೆ ತರಬೇಕು, ಏಕೆಂದರೆ ಇಡೀ ಕೆಲಸದ ಜೀವಾಳ ಇಲ್ಲೇ ಇದೆ. ಎರಡು ಕ್ಯಾಮ್ ಪುಲ್ಲಿಗಳೂ ಒಂದೇ ಬಗೆಯವು. ಎರಡರ ಮೇಲೂ ಇಂಗ್ಲಿಷಿನ ‘ಐ’ (I) ಮತ್ತು ‘ಇ’ (E) ಅಕ್ಷರಗಳಿವೆ. ಇಂಟೇಕ್ ಕಡೆಯ ಪುಲ್ಲಿಯಲ್ಲಿ ‘ಐ’, ಎಕ್ಸಾಸ್ಟ್ ಕಡೆಯದರಲ್ಲಿ ‘ಇ’ ಮೇಲ್ಮುಖವಾಗಿ ಹಿಂದಿನ ತಗಡಿನ ಗುರುತಿಗೆ ಕೂಡಬೇಕು, ಕೆಳಗೆ ಕ್ರ್ಯಾಂಕ್ ಪುಲ್ಲಿಯ ಗುರುತೂ ಆಯಿಲ್ ಪಂಪಿನ ಮೇಲಿನ ಗುರುತಿಗೆ ನೇರವಾಗಿರಬೇಕು. ಮೇಲಿನ ಆ ಎರಡು ಅಕ್ಷರಗಳ ನಡುವೆ ಬೆಲ್ಟಿನ 19 ಹಲ್ಲುಗಳು ಬರುತ್ತವೆ. ಕಣ್ಣಂದಾಜನ್ನು ನಂಬದೆ, ಬೆರಳಿಟ್ಟು ಎಣಿಸಿ. ಬೆಲ್ಟ್ ಜಾರಿದೊಡನೆ ವಾಲ್ವ್ ಸ್ಪ್ರಿಂಗ್‌ಗಳ ಒತ್ತಡಕ್ಕೆ ಕ್ಯಾಮ್ ತುಸು ಅಲುಗಬಹುದು, ಗಾಬರಿ ಬೇಡ, ಸ್ಪ್ಯಾನರ್ ಹಿಡಿದು ಮೆಲ್ಲನೆ ಹಿಂದಕ್ಕೆ ತನ್ನಿ. ಸೀಲ್ ಕೀಳುವಾಗ ಮಾತ್ರ ಶಾಫ್ಟಿನ ಮೇಲೆ ಗೀರು ಬಿದ್ದರೆ ಹೊಸ ಸೀಲೂ ಎಣ್ಣೆ ಸೋರಿಸುತ್ತದೆ.

ಹೊಸ ಬೆಲ್ಟನ್ನು ಮಡಚದೆ, ತಿರುಚದೆ, ಎಣ್ಣೆ ತಾಗಿಸದೆ ಹಾಕಬೇಕು. ಐಡ್ಲರ್ ಬದಿಯಲ್ಲಾಗಲಿ ಕ್ಯಾಮ್ ಪುಲ್ಲಿಗಳ ನಡುವಾಗಲಿ ಸಡಿಲವಿರದಂತೆ, ಉಳಿದ ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರುವಂತೆ ನೋಡಿಕೊಳ್ಳಿ. ಬಳಿಕ ಕ್ರ್ಯಾಂಕನ್ನು ಪ್ರದಕ್ಷಿಣ ದಿಕ್ಕಿನಲ್ಲಿ 1 5/6 ಸುತ್ತು ತಿರುಗಿಸಿ, ಟೆನ್ಷನರ್ ಬೋಲ್ಟ್ ಸಡಿಲಿಸಿ, ಸ್ಪ್ರಿಂಗ್ ತಾನಾಗಿಯೇ ಬೆಲ್ಟನ್ನು ಎಳೆದುಕೊಳ್ಳಲು ಬಿಟ್ಟು, 37ರಿಂದ 52 ನ್ಯೂಟನ್-ಮೀಟರ್ ಟಾರ್ಕ್‌ಗೆ (ತಿರುಚುಬಲಕ್ಕೆ) ಬಿಗಿಯಿರಿ. ಸ್ಪ್ರಿಂಗಿನ ಮೇಲೆ ನಿಮ್ಮ ಕೈಬಲವನ್ನು ಸೇರಿಸಬೇಡಿ, ಅತಿ ಬಿಗಿಯಾದ ಬೆಲ್ಟ್ ಬೇರಿಂಗ್‌ಗಳನ್ನು ತಿನ್ನುತ್ತದೆ. ಇನ್ನೂ 2 1/6 ಸುತ್ತು ತಿರುಗಿಸಿದರೆ ಒಟ್ಟು ನಾಲ್ಕು ಸುತ್ತಾಗಿ ಎಲ್ಲ ಗುರುತುಗಳೂ ಮತ್ತೆ ಕೂಡಬೇಕು. ಒಂದು ಹಲ್ಲು ತಪ್ಪಿದ್ದರೂ ಬೆಲ್ಟ್ ಬಿಚ್ಚಿ ಮೊದಲಿನಿಂದ ಮಾಡಿ.

ಕವರ್‌ಗಳನ್ನು ಮುಚ್ಚುವಾಗ ಆರಂಭದ ವರ್ಷಗಳ ಎಂಜಿನ್‌ಗಳಲ್ಲಿ ಒಂದು ಎಚ್ಚರ ಬೇಕು: ಅವುಗಳ ಕ್ರ್ಯಾಂಕ್ ತುದಿ ಗಿಡ್ಡವಾಗಿದ್ದು, ಬೋಲ್ಟ್ ಸಡಿಲವಾಗಿ ಉಳಿದರೆ ಪುಲ್ಲಿಯನ್ನು ಹಿಡಿದಿಡುವ ಕೀಲಿ ಕೂರುವ ಸೀಳು ಸವೆದು ಪುಲ್ಲಿ ಅಲುಗಾಡತೊಡಗುತ್ತದೆ. ನಂತರದ ಎಂಜಿನ್‌ಗಳ ಬೋಲ್ಟಿಗೆ ಬೇರೆಯೇ ಟಾರ್ಕ್ ಇರುವುದರಿಂದ ನಿಮ್ಮ ಕಾರಿನ ವರ್ಷಕ್ಕೆ ಸರಿಹೊಂದುವ ಸರ್ವಿಸ್ ಮ್ಯಾನ್ಯುಯಲ್ ನೋಡಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ.