ಆರು ನಟರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’: ನನ್ನ ಅನುಭವ

ಚಾರ್ಲ್ಸ್ ಡಿಕನ್ಸ್‌ನ ಈ ಕಾದಂಬರಿಯ 59 ಅಧ್ಯಾಯಗಳನ್ನು 16 ಅಡಿ ಅಗಲದ ರಂಗದಲ್ಲಿ ಆರೇ ಜನ ಆಡಲಾಗದು ಎಂದವರೇ ಹೆಚ್ಚು. ಎರಡು ಗಂಟೆಯೊಳಗೆ ಆಡಿ ತೋರಿಸಿದ್ದೇವೆ.

ಮೊದಲ ಪ್ರತಿ ಸುಮಾರು 140 ಪುಟ, ಓದಿದರೆ ಮೂರೂವರೆ ಗಂಟೆ. ಚೆಂದದ ದೃಶ್ಯಗಳನ್ನು ಉಳಿಸುತ್ತ ಹೋದರೆ ಇದು ಇಳಿಯುವುದೇ ಇಲ್ಲ. ಬಡ ಅನಾಥ ಹುಡುಗ ಪಿಪ್‌ಗೆ ದುಡ್ಡು ಎಲ್ಲಿಂದ ಬಂತು, ಅದು ಅವನನ್ನು ಏನು ಮಾಡಿತು ಎಂಬುದಕ್ಕೆ ಸೇರದ್ದನ್ನೆಲ್ಲ ಕಿತ್ತ ಮೇಲೆ 60 ಪುಟಕ್ಕೆ ಬಂತು. ಕಮ್ಮಾರಸಾಲೆಯ ಆಳು ಆರ್ಲಿಕ್‌ನನ್ನು ತೆಗೆದರೆ ಪಿಪ್‌ನ ಅಕ್ಕ ಮಿಸೆಸ್ ಜೋ ತಲೆಗೆ ಬೀಳುವ ಏಟನ್ನೂ ತೆಗೆಯಿರಿ. ಇಲ್ಲದಿದ್ದರೆ ಹೊಡೆದವರಾರೆಂದು ಪ್ರೇಕ್ಷಕರು ಕೊನೆವರೆಗೂ ಕಾಯುತ್ತಾರೆ. ವಂಚಕ ಕಾಂಪೇಸನ್ ಮಾತ್ರ ಇರಲೇಬೇಕು. ಮದುಮಗಳ ಗೌನಿನಲ್ಲೇ ಮುದಿಯಾದ ಹ್ಯಾವಿಶಮ್‌ಗೆ ಮೋಸ ಮಾಡಿದವನೂ, ಪಿಪ್‌ಗೆ ಗುಟ್ಟಾಗಿ ದುಡ್ಡು ಕಳಿಸಿದ ಕೈದಿ ಮ್ಯಾಗ್ವಿಚ್‌ನನ್ನು ಕೆಡಿಸಿದವನೂ ಅವನೇ.

ಮಿಸೆಸ್ ಜೋ, ಹ್ಯಾವಿಶಮ್ ಎದುರಾಗುವುದೇ ಇಲ್ಲ, ಒಬ್ಬಳೇ ನಟಿ ಸಾಕು. ಬೇಗ ವೇಷ ಬದಲಿಸಲು ಗೌನಿನ ಬೆನ್ನಿಗೆ ವೆಲ್ಕ್ರೊ ಬೇಡ, ಬಿಚ್ಚುವ ಸದ್ದು ಮೂರನೇ ಸಾಲಿಗೂ ಕೇಳುತ್ತದೆ. ಟಿಚ್ ಬಟನ್ ಹಾಕಿ. ಮ್ಯಾಗ್ವಿಚ್ ನಟನಿಗೆ ವಕೀಲ ಜಾಗರ್ಸ್ ಪಾತ್ರ ಕೊಡಲೇಬೇಡಿ: ದನಿ ಗುರುತು ಸಿಕ್ಕಿ ಗುಟ್ಟು ಅರ್ಧದಲ್ಲೇ ಒಡೆಯುತ್ತದೆ. ಮ್ಯಾಗ್ವಿಚ್ ಮರಳಿ ಬರುವ 39ನೇ ಅಧ್ಯಾಯದಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಬಂದೊಡನೆ ಮಧ್ಯಂತರ; ಅದೇ ಸದ್ದಿನಿಂದ ಮತ್ತೆ ಶುರು.

ಬಾಲಕ ಪಿಪ್‌ಗೆ ಬೇರೆ ಹುಡುಗ ಬೇಕಿಲ್ಲ. ಉಳಿದವರು ಒಂಬತ್ತು ಇಂಚಿನ ಮಣೆಗಳ ಮೇಲೆ, ಅವನು ನೆಲದ ಮೇಲೆ. ಲಂಡನ್ನಿಗೆ ಹೋದ ಮೇಲೆ ಅವನೂ ಮಣೆ ಏರುತ್ತಾನೆ. ನಿರೂಪಣೆ ಒಮ್ಮೆಗೆ ನಾಲ್ಕು ವಾಕ್ಯ ದಾಟಿದರೆ ಅದು ವಾಚನವಾಗುತ್ತದೆ.

ಹೊಗೆ ಯಂತ್ರ ಸಣ್ಣ ಹಾಲ್‌ಗೆ ಒಗ್ಗಲಿಲ್ಲ, ಜನ ಕೆಮ್ಮುತ್ತಾರೆ. ಸೊಳ್ಳೆ ಪರದೆಯ ಹಿಂದಿನಿಂದ ಓರೆ ಬೆಳಕು ಬಿಟ್ಟರೆ ಕಥೆ ಶುರುವಾಗುವ ಕೆಂಟ್‌ನ ಜೌಗು ನೆಲದ ಮಂಜು ಸಿದ್ಧ. ಥೇಮ್ಸ್ ನದಿಯಲ್ಲಿ ಮ್ಯಾಗ್ವಿಚ್ ಇದ್ದ ದೋಣಿಗೆ ಹಬೆ ಹಡಗು ಡಿಕ್ಕಿ ಹೊಡೆಯುವುದನ್ನು ಬೆಡ್‌ಶೀಟಿನ ಮೇಲೆ ನೆರಳಾಟವಾಗಿ ಮಾಡಿ ನೋಡಿದೆವು. ರಟ್ಟಿನ ಚಕ್ರ ತಿರುಗಿಸಿದರೆ ಸಾಕು, ಅದೇ ಉಳಿಯಿತು.

ಹ್ಯಾವಿಶಮ್ ಗೌನಿಗೆ ಮಲ್ ಬಟ್ಟೆಯೇ ಆಗಬೇಕು. ಟೀ ಡಿಕಾಕ್ಷನ್ನಿನಲ್ಲಿ ರಾತ್ರಿಯಿಡೀ ನೆನೆಸಿದರೆ ಹಳದಿಗಟ್ಟುತ್ತದೆ. ಪಾಲಿಯೆಸ್ಟರ್ ನೆಟ್‌ಗೆ ಬಣ್ಣ ಹತ್ತದು. ಅವಳ ಗೌನಿಗೆ ಹತ್ತುವ ಬೆಂಕಿಗೆ ನೆಲದಿಂದ ಕೇಸರಿ ಎಲ್‌ಇಡಿ, ಲಂಗದ ಮಡಿಕೆಗಳಿಂದ ತೆಳು ಕಿತ್ತಳೆ ಬಟ್ಟೆ. ಅದು ಎಂಟು ಸೆಕೆಂಡಿನಲ್ಲಿ ಹೊರಬರುವ ಉಪಾಯ ನಮ್ಮ ತಂಡದಲ್ಲೇ ಇರಲಿ. ಪಿಪ್ ಕೋಟು ಹೊದಿಸಿ ನಂದಿಸುವುದು ಕಾದಂಬರಿಯಲ್ಲೇ ಇದೆ, ಬಟ್ಟೆಯೂ ಮರೆಯಾಗುತ್ತದೆ.

ಖರ್ಚು ಒಟ್ಟು 45 ಸಾವಿರದ ಆಸುಪಾಸು, ಅರ್ಧ ವೇಷಭೂಷಣಕ್ಕೇ. ತಾಲೀಮಿಗೂ ಸೇರಿಸಿ ಬಾಡಿಗೆ ಕಟ್ಟಿದರೆ ಹಳೇ ಕೋಟು ಕೊಂಡು ಹೊಲಿಸಿಕೊಳ್ಳುವುದೇ ಅಗ್ಗ. ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಮೂಲಕ್ಕೆ ಗೌರವಧನವಿಲ್ಲ. ಹಕ್ಕುಸ್ವಾಮ್ಯ ಇನ್ನೂ ಇರುವ ಅನುವಾದ ಬಳಸಿದರೆ ಒಪ್ಪಿಗೆ ಕೇಳಬೇಕು.

ಕೊನೆಗೆ, ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್ ಮಾತಿಗೆ ಡಿಕನ್ಸ್ ಕೈಬಿಟ್ಟ ಮೊದಲ ಮುಕ್ತಾಯವನ್ನೇ ಆರಿಸಿಕೊಂಡೆ. ಅಚ್ಚಾದದ್ದಕ್ಕೆ ಪಾಳುಬಿದ್ದ ತೋಟ ಬೇಕು. ಇದರಲ್ಲಿ ಪಿಪ್ ತಾನು ಪ್ರೀತಿಸಿದ, ಹ್ಯಾವಿಶಮ್‌ಳ ಸಾಕುಮಗಳು ಎಸ್ಟೆಲ್ಲಾಳನ್ನು ಕೊನೆಯ ಸಲ ಕಂಡು ಅಗಲುತ್ತಾನೆ: ಲಂಡನ್ನಿನ ಪಿಕಡಿಲಿಯ ಬೀದಿ, ಅವಳು ಕೂತ ಗಾಡಿಯ ಬದಲು ಒಂದು ಸ್ಟೂಲು, ಎರಡು ನಿಮಿಷ.