ಬಾಸ್ ಬಾರಿಸುವಾಗ ಕವಳ ಹಾಕಬಾರದು

ತಿಂಗಳಿಗೊಂದು ಶನಿವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಏಳೆಂಟು ಜನ ಸೇರುತ್ತೇವೆ. ಶಿರಸಿ ಪೇಟೆಯಿಂದ ಬೈಕಿನಲ್ಲಿ ಅರ್ಧ ತಾಸಿನ ದಾರಿ. ಅಮೆರಿಕದಲ್ಲಿ ಹುಟ್ಟಿದ ಜಾಝ್ ಸಂಗೀತ ಕೇಳುತ್ತೇವೆ. ಕೇಳುವುದಕ್ಕಿಂತ ಜಾಸ್ತಿ ಅದರ ಬಗ್ಗೆ ಹರಟೆ ಹೊಡೆಯುತ್ತೇವೆ. ಇದಕ್ಕೆ ಹೆಸರಿಲ್ಲ, ಸಂಘವಿಲ್ಲ, ವಂತಿಗೆಯಿಲ್ಲ. ಬಂದವರಿಗೆ ಕಷಾಯ, ಅವಲಕ್ಕಿ, ಕವಳ (ಎಲೆಯಡಿಕೆ) ಇಷ್ಟು ಗ್ಯಾರಂಟಿ. ಆರು ವರ್ಷದಿಂದ ನಡೆದುಕೊಂಡು ಬಂದಿದೆ. ಮೊದಲ ಎರಡು ತಿಂಗಳು ಮಾತ್ರ ನಾನೇ ಕೈಯಾರೆ ಅದನ್ನು ಹಾಳು ಮಾಡುತ್ತಿದ್ದೆ.

ನನಗೆ ಈ ಹುಚ್ಚು ಹತ್ತಿದ್ದು ಮುಂಬೈಯಲ್ಲಿ ನೌಕರಿ ಮಾಡುವಾಗ. ಜೊತೆಗೆ ರೂಮಿನಲ್ಲಿದ್ದವನು ಕಾರವಾರದವನು. ಕಾಳಿ ನದಿ ದಾಟಿದರೆ ಸದಾಶಿವಗಡ, ಅಲ್ಲಿ ಅವನ ಮನೆ. ಅವನ ಸೋದರಮಾವ ಹರೆಯದಲ್ಲಿ ಮುಂಬೈಯ ಹೋಟೆಲುಗಳ ಹೊರಗೆ ನಿಂತು ಗೋವಾದವರ ಬ್ಯಾಂಡ್ ಕೇಳಿದವರು. ಒಳಗೆ ಹೋಗುವಷ್ಟು ದುಡ್ಡಿರಲಿಲ್ಲವಂತೆ. ಅವರ ಬಾಯಲ್ಲೇ ನಾನು ಚಿಕ್ ಚಾಕೊಲೇಟ್ ಹೆಸರು ಮೊದಲು ಕೇಳಿದ್ದು. ನಿಜವಾದ ಹೆಸರು ಆಂಟೋನಿಯೋ ಝೇವಿಯರ್ ವಾಝ್, ಗೋವಾದ ಅಲ್ಡೋನಾದವರು. ಲೂಯಿ ಆರ್ಮ್‌ಸ್ಟ್ರಾಂಗ್ ಥರ ಟ್ರಂಪೆಟ್ ಊದುತ್ತಾರೆ ಅಂತ ಹೆಸರಾಗಿದ್ದರು. 1951ರ 'ಅಲ್ಬೇಲಾ' ಸಿನಿಮಾದಲ್ಲಿ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆ ಕೆಲಸ ಮಾಡಿದ್ದರು, ಪರದೆಯ ಮೇಲೂ ಕಾಣುತ್ತಾರೆ. ಆ ಮಾವ ಹೇಳುತ್ತಿದ್ದರು, "ನೀವು ಹಿಂದಿ ಹಾಡು ಅಂತ ಕುಣೀತೀರಲ್ಲ, ಅದರೊಳಗೆ ಅರ್ಧ ಜಾಝೇ ಇದೆ." ಆ ಮಾತು ತಲೆಯಲ್ಲಿ ಕೂತಿತು.

ಊರಿಗೆ ವಾಪಸ್ ಬಂದಾಗ ನನ್ನ ಹತ್ತಿರ ಮೂವತ್ತು ಎಲ್‌ಪಿ ಇದ್ದವು. ಮೊದಲ ಮಳೆಗಾಲಕ್ಕೇ ಎಲ್ಲದಕ್ಕೂ ಬೂಷ್ಟು. ಆಯಿ ಹೇಳಿದಳು, "ಅಟ್ಟದ ಮೇಲೆ ಇಡು, ಹೊಗೆಗೆ ಬೂಷ್ಟು ಬರ್ತಿಲ್ಲೆ." ಎರಡನ್ನು ಇಟ್ಟು ನೋಡಿದೆ. ಬೂಷ್ಟು ಬರಲಿಲ್ಲ ನಿಜ, ಒಲೆಯ ಕಾವಿಗೆ ರೆಕಾರ್ಡ್ ಎರಡೂ ಹಪ್ಪಳದ ಹಾಗೆ ಡೊಂಕಾದವು. ಈಗ ಮಳೆಗಾಲದಲ್ಲಿ ಮೊಬೈಲಿನಿಂದ ಸ್ಪೀಕರಿಗೆ ಹಾಕಿ ಕೇಳುತ್ತೇವೆ. ಎಲ್‌ಪಿ ಹೊರಗೆ ಬರುವುದು ದೀಪಾವಳಿಯ ನಂತರವೇ.

ಮೊದಲ ಬೈಠಕ್ಕಿಗೆ ನಾನು ಭಾಷಣ ಬರೆದುಕೊಂಡಿದ್ದೆ. ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸ್ ಊರು, 1917ರಲ್ಲಿ ಬಂದ ಮೊದಲ ಜಾಝ್ ರೆಕಾರ್ಡ್, ಸ್ವಿಂಗ್, ಬೀಬಾಪ್ ಅನ್ನುವ ಶೈಲಿಗಳು ಹೀಗೆ ಕಾಲಾನುಕ್ರಮದಲ್ಲಿ ನಲವತ್ತು ನಿಮಿಷ. ಹತ್ತನೇ ನಿಮಿಷಕ್ಕೇ ಒಬ್ಬರು ಹೊರಗೆ ದನ ನೋಡಲು ಹೋದರು. ನಮ್ಮ ಮನೆಯ ದನ! ಅದಕ್ಕಿಂತ ದೊಡ್ಡ ತಪ್ಪು ಮುಂದಿನದು. ಶ್ರೇಷ್ಠವಾದದ್ದನ್ನೇ ಕೇಳಿಸಬೇಕು ಅಂತ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನರ 'ಅಸೆನ್ಷನ್' ಹಾಕಿದೆ. 1965ರದ್ದು. ಹನ್ನೊಂದು ಜನ ಸೇರಿ ಸುಮಾರು 40 ನಿಮಿಷ ಬಾರಿಸಿದ್ದು, ಹೆಚ್ಚಿನ ಹೊತ್ತು ಕಟ್ಟು ಬಿಚ್ಚಿದ ಹಾಗೆ. ಪಕ್ಕದ ಮನೆ ಭಾವ ಎದ್ದು ನಿಂತು ಹೇಳಿದರು, "ತೋಟಕ್ಕೆ ಮಂಗ ಹೊಕ್ಕಾಂಗಿದ್ದಲೋ ತಮಾ!"

ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ತಪ್ಪು ಅವರದ್ದಲ್ಲ. ತಾಳಮದ್ದಲೆ, ಅಂದರೆ ವೇಷ-ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ, ಒಂದನ್ನೂ ಕೇಳದವರನ್ನು ರಾತ್ರಿ ಎರಡು ಗಂಟೆಯ ಕರ್ಣ-ಕೃಷ್ಣ ಸಂವಾದಕ್ಕೆ ಕೂರಿಸಿದರೆ ಅವರಿಗಾದರೂ ಏನು ಅರ್ಥವಾದೀತು?

ಈ ತಾಳಮದ್ದಲೆಯ ಮಾತು ನನ್ನದಲ್ಲ, ಅದೇ ಭಾವನದ್ದು. ಅವರು ಅರ್ಥಧಾರಿ, ಭಾಗವತರು ಹಾಡಿದ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವವರು. ದೊಡ್ಡ ಹೆಸರಿನವರಲ್ಲ, ಊರ ಕೂಟಗಳಲ್ಲಿ ಕೂರುವವರು. ಮೂರನೇ ತಿಂಗಳು ನಾನು ಭಾಷಣ ಬಿಟ್ಟು ಬಿಲ್ಲಿ ಹಾಲಿಡೇ ಹಾಡಿದ 'ಬಾಡಿ ಆ್ಯಂಡ್ ಸೋಲ್' ಹಾಕಿದ್ದೆ, 1940ರ ರೆಕಾರ್ಡಿಂಗ್. ಅದು ಮುಗಿದ ಕೂಡಲೇ ಅದೇ ಹಾಡಿನ ಮೇಲೆ ಕೋಲ್ಮನ್ ಹಾಕಿನ್ಸ್ 1939ರಲ್ಲಿ ಸ್ಯಾಕ್ಸೊಫೋನಿನಲ್ಲಿ ನುಡಿಸಿದ್ದು. ಹಾಕಿನ್ಸ್ ಮೂಲ ರಾಗವನ್ನು ಶುರುವಿನಲ್ಲಿ ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಡುತ್ತಾರೆ. ಆಮೇಲೆ ಪೂರ್ತಿ ಅವರದೇ ಮಾತು. ಭಾವ ಕವಳ ಉಗಿದು ಬಂದು ಕೂತರು. "ಪದ್ಯ ಭಾಗವತರು ಹೇಳಿ ಆಯ್ತು. ಈಗ ಇವ ಅರ್ಥ ಹೇಳ್ತಿದ್ದ. ಅಲ್ದೋ?"

ಹೌದಲ್ಲ! ತಾಳಮದ್ದಲೆಯಲ್ಲಿ ಪದ್ಯ ಬರೆದಿಟ್ಟದ್ದು, ಎಲ್ಲರಿಗೂ ಒಂದೇ. ಅರ್ಥ ಮಾತ್ರ ಆ ರಾತ್ರಿ, ಆ ವೇದಿಕೆಯಲ್ಲಿ, ಎದುರು ಕೂತವರ ಮಾತು ಕೇಳಿ ಹುಟ್ಟುವುದು. ಪ್ರಸಂಗ ಬಿಟ್ಟು ಹೋಗುವ ಹಾಗಿಲ್ಲ, ನಿನ್ನೆ ಹೇಳಿದ್ದನ್ನೇ ಇವತ್ತು ಒಪ್ಪಿಸುವ ಹಾಗೂ ಇಲ್ಲ. ನಾನು ಹತ್ತು ವರ್ಷ ಜಾಝ್ ಕೇಳಿದವನು, ಹುಟ್ಟಿದಾಗಿನಿಂದ ತಾಳಮದ್ದಲೆ ಕೇಳಿದವನು. ಎರಡನ್ನೂ ಒಮ್ಮೆಯೂ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಅವತ್ತಿನಿಂದ ಕ್ರಮ ಬದಲಾಯಿತು. ಮೊದಲು ಯಾರಾದರೂ ಹಾಡಿದ್ದನ್ನು ಹಾಕುವುದು. ಎರಡು ಸಲ. ರಾಗ ಬಾಯಿಗೆ ಬರಬೇಕು. ಆಮೇಲೆ ಅದೇ ಹಾಡನ್ನು ವಾದ್ಯದಲ್ಲಿ. ಆಗ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಎಲ್ಲಿ ಪದ್ಯ ಬಿಟ್ಟು ಅರ್ಥಕ್ಕೆ ಇಳಿದರು ಅಂತ ಅವರೇ ಬೆರಳು ತೋರಿಸುತ್ತಾರೆ.

ಆದರೂ ಬಾಸ್ ಯಾರಿಗೂ ಬೇಡವಾಗಿತ್ತು. ದೊಡ್ಡ ಪಿಟೀಲಿನ ಹಾಗಿರುವ ಆ ವಾದ್ಯವನ್ನು ಬೆರಳಲ್ಲಿ ಮೀಟುತ್ತಾರೆ. ಅದರ ಸರದಿ ಬಂತೆಂದರೆ ನಮ್ಮಲ್ಲಿ ಕವಳದ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ಅಡಕತ್ತರಿಯ ಸದ್ದು, ಸುಣ್ಣದ ಡಬ್ಬಿಯ ಸದ್ದು, ಅಡಿಕೆ ದರದ ಮಾತು. ಜಾಝ್ ಕ್ಲಬ್ಬುಗಳಲ್ಲೂ ಜನ ಬಾಸ್ ಸೋಲೋ ಬಂದಾಗಲೇ ಮಾತಾಡುತ್ತಾರೆ ಅಂತ ಹಳೆಯ ಜೋಕಿದೆ. ಹಾಗಾಗಿ ನಾನೂ ಸುಮ್ನಿದ್ದೆ.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸರ 'ಸೋ ವಾಟ್' ಹಾಕಿದ ದಿನ ಅದು ನಿಂತಿತು. 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ತುಣುಕು. ಇದರಲ್ಲಿ ಮುಖ್ಯ ರಾಗ ನುಡಿಸುವುದು ಟ್ರಂಪೆಟ್ ಅಲ್ಲ, ಬಾಸ್. ಪಾಲ್ ಚೇಂಬರ್ಸ್ ಒಂದು ಸಾಲು ಮೀಟುತ್ತಾರೆ, ಮಿಕ್ಕವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಮತ್ತೊಂದು ಸಾಲು, ಮತ್ತೆ ಅದೇ ಎರಡು ಪೆಟ್ಟು. ನಮ್ಮಲ್ಲಿ ಮದ್ದಲೆ ಬಾರಿಸುವ ಒಬ್ಬ ಹಿರಿಯರು ಬರುತ್ತಾರೆ, ತಬಲಾವನ್ನೂ ಕಲಿತವರು. ಅವರು ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಕೈ ಎತ್ತಿದರು. "ಎಲ್ಲ ಸುಮ್ನಿರಿ. ಮಾತು ಅವನದ್ದು, ಇವರು ಹೂಂಗುಟ್ತಾ ಇದ್ದಾರೆ." ಹೆಸರಿಗೆ ಏನರ್ಥ ಅಂತ ಕೇಳಿದರು. 'ಅದಕ್ಕೇನೀಗ?' ಅಂದೆ. ಅವರು ಬಾಸ್ ಸಾಲಿಗೆ ತಲೆ ಹಾಕುತ್ತಾ, ಆ ಎರಡು ಪೆಟ್ಟು ಬಂದಾಗಲೆಲ್ಲ "ಏನೀಗ! ಏನೀಗ!" ಅಂತ ಸೇರಿಸಿದರು. ಜಗಲಿ ತುಂಬ ನಗು. ಅದೇ ರಾತ್ರಿ ನಮ್ಮ ಏಕೈಕ ನಿಯಮ ಹುಟ್ಟಿತು, ಬಾಸ್ ಬಾರಿಸುವಾಗ ಕವಳ ಹಾಕಬಾರದು.

ಅವತ್ತೇ ಇನ್ನೊಂದೂ ಆಯಿತು. ನಮ್ಮ ಬಳಗದ ಅಕ್ಕೋರು ಹಿಂದೂಸ್ತಾನಿ ಕಲಿತವರು, ಹಾರ್ಮೋನಿಯಂ ನುಡಿಸುತ್ತಾರೆ. ಎರಡನೇ ಸಲ ಕೇಳುವಾಗಲೇ ಪೆಟ್ಟಿಗೆ ಎಳೆದುಕೊಂಡರು. ಬಿಳಿ ಎರಡನ್ನು, ಅಂದರೆ ಎರಡನೇ ಬಿಳಿ ಮನೆಯನ್ನು, ಷಡ್ಜ ಮಾಡಿ ಬರೀ ಬಿಳಿ ಮನೆ ಒತ್ತುತ್ತಾ ಹೋದರು, ಸರಿಯಾಗಿ ಕೂತಿತು. "ಇದು ಕಾಫಿ ಥಾಟ್ ಅಲ್ವಾ?" ಅಂದರು. ಥಾಟ್ ಅಂದರೆ ಹಿಂದೂಸ್ತಾನಿಯಲ್ಲಿ ಸ್ವರಗಳ ಚೌಕಟ್ಟು. ಜಾಝಿನವರು ಡಿ ಡೋರಿಯನ್ ಅನ್ನುವುದೂ ಅದೇ ಸ್ವರಗಳಿಗೆ. ಸ್ವಲ್ಪ ಹೊತ್ತಿಗೆ ಕೈ ತಪ್ಪಿತು, ಎಲ್ಲ ಅಪಸ್ವರ. ತಪ್ಪಿದ್ದು ಅವರಲ್ಲ. ಈ ರಚನೆ 32 ಬಾರ್‌ನದ್ದು. ಬಾರ್ ಅಂದರೆ ನಮ್ಮ ಆವರ್ತದ ಹಾಗೆ, ಇಲ್ಲಿ ಒಂದೊಂದಕ್ಕೆ ನಾಲ್ಕು ಎಣಿಕೆ. ಎಂಟೆಂಟು ಬಾರ್‌ನ ನಾಲ್ಕು ತುಂಡು. ಮೊದಲೆರಡು ಒಂದೇ ಥರ, ಮೂರನೆಯದರಲ್ಲಿ ಇಡೀ ಸಂಸಾರ ಅರ್ಧ ಸ್ವರ ಮೇಲೆ ಹೋಗಿ ಕೂರುತ್ತದೆ, ಅಂದರೆ ಷಡ್ಜವೇ ಕಪ್ಪು ಎರಡಕ್ಕೆ. ನಾಲ್ಕನೆಯದಕ್ಕೆ ಮತ್ತೆ ಮನೆಗೆ. ಷಡ್ಜ ಅಲುಗಾಡುವುದು ಅಂದರೆ ಅಕ್ಕೋರಿಗೆ ದೇವರನ್ನು ಪೀಠದಿಂದ ಎತ್ತಿಟ್ಟ ಹಾಗೆ. ಒಂದು ತಿಂಗಳು ಆ ಬೇಜಾರಿನಲ್ಲೇ ಇದ್ದರು. ಈಗ ಷಡ್ಜ ಸರಿಯುವ ಜಾಗ ಬಂದಾಗ ಎಲ್ಲರಿಗಿಂತ ಮೊದಲು ಬೆರಳೆತ್ತುವುದು ಅವರೇ.

ಮೈಲ್ಸ್ ದೊಡ್ಡವರೋ ಕೋಲ್ಟ್ರೇನ್ ದೊಡ್ಡವರೋ ಅನ್ನುವ ಜಗಳ ಮಾತ್ರ ಇವತ್ತಿಗೂ ಮುಗಿದಿಲ್ಲ. ಈ ತುಣುಕಿನಲ್ಲೇ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಮೈಲ್ಸ್ ಒಂದು ಮಾತಾಡಿ ನಿಲ್ಲಿಸುತ್ತಾರೆ, ಆ ಮೌನವೂ ಲೆಕ್ಕಕ್ಕೆ ಬರುತ್ತದೆ. ಕೋಲ್ಟ್ರೇನ್ ಬಂದರೋ, ಆಷಾಢದ ಜಡಿಮಳೆ. ಅರ್ಥಧಾರಿಗಳಲ್ಲಿ ಶೇಣಿಯೋ ಸಾಮಗರೋ ಅಂತ ನಮ್ಮ ಹಿರಿಯರು ಬೆಳಗಿನ ತನಕ ಕಿತ್ತಾಡುತ್ತಿದ್ದರಲ್ಲ, ಹಾಗೆಯೇ. ನಾನು ಮೈಲ್ಸ್ ಪಕ್ಷ. ಭಾವ, ಮೊದಲ ದಿನ ಮಂಗ ಅಂದವರು, ಈಗ ಕೋಲ್ಟ್ರೇನ್ ಪಕ್ಷ. ಕೋಲ್ಟ್ರೇನ್ ತನ್ನ ಮಗನಿಗೆ ಸಿತಾರ್‌ವಾದಕ ರವಿಶಂಕರರ ಹೆಸರೇ ಇಟ್ಟಿದ್ದಾರೆ ಅಂತ ಗೊತ್ತಾದ ಮೇಲಂತೂ ಭಾವನನ್ನು ಹಿಡಿಯುವ ಹಾಗಿಲ್ಲ.

ಸ್ಯಾಕ್ಸೊಫೋನ್ ಅಂದರೆ ನಮ್ಮ ಕಡೆ ಮೊದಲು ಬರುವ ಹೆಸರು ಕದ್ರಿ ಗೋಪಾಲನಾಥರದ್ದೇ. ಅದನ್ನು ತಪ್ಪಿಸಲು ಹೋಗಬೇಡಿ, ಅಲ್ಲಿಂದಲೇ ಶುರು ಮಾಡಿ. ಅವರು 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದ್ದರು. 2008ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ 'ಕಿನ್ಸ್‌ಮೆನ್' ಅನ್ನುವ ಆಲ್ಬಮ್ ಬಂತು. ಎರಡು ಸ್ಯಾಕ್ಸೊಫೋನ್ ಮಾತಾಡಿಕೊಳ್ಳುವುದನ್ನು ಕೇಳಿದ ಮೇಲೆ 'ಇದು ನಮ್ಮದಲ್ಲ' ಅನ್ನುವ ಮಾತೇ ಏಳಲಿಲ್ಲ.

'ಟೇಕ್ ಫೈವ್' ಅನ್ನುವ ತುಣುಕು ಎಲ್ಲರಿಗೂ ಇಷ್ಟ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದು ಎಣಿಕೆ, ಮೂರು ಮತ್ತು ಎರಡು. ಮದ್ದಲೆಯ ಹಿರಿಯರು ತಬಲಾದ ಝಪ್‌ತಾಲದ ಎರಡು-ಮೂರು ತಲೆಕೆಳಗಾಗಿದೆ ಅಂದರು. ಅಷ್ಟೇ.

ಕಲಾವಿದರ ಬದುಕಿನ ಕತೆ ಬಂದಾಗ ಮಾತು ಬೇಗ ಹಳಿ ತಪ್ಪುತ್ತದೆ. ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್ 1955ರಲ್ಲಿ ತೀರಿಕೊಂಡಾಗ ಬರೀ 34 ವರ್ಷ. ಕುಡಿತ, ಮಾದಕ ವಸ್ತು. ಇದನ್ನೇ ಬಾಯಿ ಚಪ್ಪರಿಸಿ ಹೇಳುವವರಿದ್ದಾರೆ, ನನಗೆ ಹಿಡಿಸುವುದಿಲ್ಲ. ಒಮ್ಮೆ ಅಕ್ಕೋರು ಬೇರೆ ದಾರಿ ತೋರಿಸಿದರು. ಬಿಲ್ಲಿ ಹಾಲಿಡೇಗೆ 'ಲೇಡಿ ಡೇ' ಅಂತ ಹೆಸರಿಟ್ಟದ್ದು ಸ್ಯಾಕ್ಸೊಫೋನಿನ ಲೆಸ್ಟರ್ ಯಂಗ್, ಅವರನ್ನು ಈಕೆ 'ಪ್ರೆಜ್' ಅನ್ನುತ್ತಿದ್ದಳು. 1957ರ ಡಿಸೆಂಬರಿನಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಇಬ್ಬರೂ ಒಟ್ಟಿಗೆ ಬಂದರು. ಅಕ್ಕೋರು ಅದರ ವಿಡಿಯೋ ತೋರಿಸಿದರು. ಲೆಸ್ಟರ್ ಎದ್ದು ಬರೀ ಹನ್ನೆರಡು ಬಾರ್ ನುಡಿಸುತ್ತಾರೆ. ಅವಸರವಿಲ್ಲ, ಆಡಂಬರವಿಲ್ಲ. ಕ್ಯಾಮೆರಾ ಬಿಲ್ಲಿಯ ಮುಖಕ್ಕೆ ಹೋಗುತ್ತದೆ. ಅವಳು ನಗುತ್ತಾ ಸಣ್ಣಗೆ ತಲೆಯಾಡಿಸುತ್ತಾಳೆ. 1959ರ ಮಾರ್ಚಿನಲ್ಲಿ ಲೆಸ್ಟರ್ ಹೋದರು, ಜುಲೈಯಲ್ಲಿ ಬಿಲ್ಲಿ. ಚಿಕ್ಕ ಮೊಬೈಲ್ ಪರದೆಯ ಸುತ್ತ ಎಂಟು ತಲೆ ಬಗ್ಗಿತ್ತು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹೀಗೆ ಬೈಠಕ್ ಮಾಡಬೇಕು ಅಂತಿರುವವರಿಗೆ ಒಂದು ಕಿವಿಮಾತು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂರಬೇಡಿ. ಬಾಸ್ ಪೂರಾ ಮಾಯವಾಗುತ್ತದೆ, ಜೋರು ಮಾಡಿದರೆ ಟ್ರಂಪೆಟ್ ಕಿವಿ ಕೊರೆಯುತ್ತದೆ. ನಾವು ಜೂನ್ ಬಂತೆಂದರೆ ನಡುಮನೆಗೆ ಹೋಗುತ್ತೇವೆ, ಸ್ಪೀಕರನ್ನು ಅಡಿಕೆ ಚೀಲ ಒಟ್ಟಿದ ಗೋಡೆಯ ಎದುರಿಗೆ ಇಡುತ್ತೇವೆ. ಗೋಣಿಚೀಲ ಸದ್ದನ್ನು ಹೀರುತ್ತದೆ, ಗೋಡೆ ಗುಂಯ್‌ಗುಡುವುದಿಲ್ಲ. ದರ ಏರಲಿ ಅಂತ ಚೀಲ ಇಟ್ಟುಕೊಂಡ ವರ್ಷ ಸದ್ದು ಇನ್ನೂ ಚೆನ್ನ.

ಅಡಿಕೆಯ ಕೊನೆಕೊಯ್ಲು ಶುರುವಾದರೆ ಬೈಠಕ್ ಬಂದ್. ಎಲ್ಲರೂ ಅವರವರ ತೋಟದಲ್ಲಿ. ಹೋದ ವರ್ಷ ನಮ್ಮ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ಸುಮ್ನೆ ಕೌಂಟ್ ಬೇಸಿಯವರ ಬ್ಯಾಂಡ್ ಹಾಕಿ ನೋಡಿದೆ. ಮೆಟ್ಟುಗತ್ತಿ ಹಿಡಿದ ಹತ್ತು ಹೆಂಗಸರು. ಯಾರೂ ಏನೂ ಹೇಳಲಿಲ್ಲ. ಎರಡನೇ ಹಾಡಿಗೆ ಕತ್ತಿಯ ಸದ್ದು ತಾಳಕ್ಕೆ ಕೂತಿದ್ದು ಕೇಳಿಸಿತು. ಬೇಸಿ ಪಿಯಾನೋದಲ್ಲಿ ಅಲ್ಲೊಂದು ಇಲ್ಲೊಂದು ಸ್ವರ ಇಡುವವರು, ಮಿಕ್ಕಿದ್ದನ್ನು ಬ್ಯಾಂಡಿಗೆ ಬಿಡುವವರು. ಹಿರಿಯಾಕೆ ಒಬ್ಬಳು ತಲೆ ಎತ್ತದೆ ಹೇಳಿದಳು, "ಒಡೆಯಾ, ಆ ಟಿಣ್ ಟಿಣ್ ಅನ್ನೋನು ಕಮ್ಮಿ ಕೆಲಸ ಮಾಡ್ತಾನೆ. ಅವನಿಗೂ ನಮ್ಮಷ್ಟೇ ಕೂಲಿಯಾ?"